ಗೋಡೆಗೆ ಒಂದು ತೂತೂ ಕೊರೆಯದೆ ಐದು ಜನಕ್ಕೆ ಹಾಸಿಗೆ

ಗೋಡೆಗೆ ಬಿಗಿಯದೆ ಎರಡಂತಸ್ತಿನ ಮಂಚ ನಿಲ್ಲುವುದಿಲ್ಲ, ಮೇಲಿನವರು ಮಗ್ಗುಲು ಬದಲಿಸಿದರೆ ಸಾಕು ಕೆಳಗಿನವರ ನಿದ್ದೆ ಕೆಡುತ್ತದೆ ಅಂತ ವೆಲ್ಡಿಂಗ್ ಶಾಪಿನವರು, ಬಡಗಿ, ಮನೆ ಮಾಲೀಕರು ಮೂವರೂ ಒಂದೇ ಮಾತು ಹೇಳಿದ್ದರು. ಗೋಡೆಗೆ ಬಿಗಿಯದೆಯೇ ನಾನು ಮಾಡಿಸಿದ ಕಬ್ಬಿಣದ ಪೈಪಿನ ಮಂಚ ನಿಂತು ಎರಡು ವರ್ಷದ ಮೇಲಾಯಿತು. ನಡುವೆ ಅದನ್ನು ಬಿಚ್ಚಿ ಬೇರೆ ಮನೆಗೆ ಸಾಗಿಸಿ ಮತ್ತೆ ಕೂಡಿಸಿದ್ದೂ ಆಗಿದೆ. ಅಲುಗಾಟವಿಲ್ಲ, ಕಿರುಗುಟ್ಟುವುದೂ ಇಲ್ಲ. ಹಳೇ ಮನೆ ಬಿಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು, ಅದು ಎಲ್ಲರಿಗೂ ಇರುವುದೇ. ಗೋಡೆ ಹಾಳಾಯಿತು ಅಂತ ಅಡ್ವಾನ್ಸ್‌ನಲ್ಲಿ ಅದರ ಮೇಲೆ ಒಂದು ರೂಪಾಯಿಯೂ ಮುರಿಯಲಿಲ್ಲ.

ಬೆಂಗಳೂರಿನ ಮಾಮೂಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಹಾಲ್ 10 ಅಡಿ ಅಗಲ, 12 ಅಡಿ ಉದ್ದ. ರೂಮು 9ಕ್ಕೆ 10. ಜನ ಐದು: ಮಂಡಿನೋವಿನ ಅಮ್ಮ, ನಾವಿಬ್ಬರು, 12ರ ಮಗಳು, 7ರ ಮಗ. ಅಮ್ಮನಿಗೆ ನೆಲದಿಂದ ಏಳಲು ಆಗದು. ಹಾಗಾಗಿ ಎಲ್ಲರೂ ಹಾಲಿನಲ್ಲಿ ಚಾಪೆ ಹಾಸಿ ಸಾಲಾಗಿ ಮಲಗುವ ಲೆಕ್ಕ ಮೊದಲೇ ಬಿದ್ದುಹೋಯಿತು.

ಇದಕ್ಕೆ ಮುಂಚೆ ದುಡ್ಡು ಹಾಕಿದ ವಸ್ತುಗಳದ್ದೇ ಒಂದು ಪಟ್ಟಿ ಆಗುತ್ತದೆ. ಸೋಫಾ ಕಮ್ ಬೆಡ್‌ಗೆ ಹದಿನಾಲ್ಕು ಸಾವಿರದ ಹತ್ತಿರ ಕೊಟ್ಟದ್ದು. ಅದನ್ನು ಬಿಚ್ಚಿದರೆ ಹಾಲಿನ ಅರ್ಧ ನೆಲ ಹೋಗುತ್ತದೆ, ನಡುವಿನ ಕೂಡು ಸರಿಯಾಗಿ ಸೊಂಟದ ಕೆಳಗೆ ಬರುತ್ತದೆ. ಒಂದು ವರ್ಷದೊಳಗೆ ಮಡಚುವ ಕೀಲಿನ ರಿವಿಟ್ ಸಡಿಲವಾಗಿ ಒಂದು ಕಡೆ ಇಳಿಯಿತು. ಗುಜರಿಯವನು ಅದಕ್ಕೆ ಎಂಟುನೂರು ಕೊಟ್ಟ. ನವಾರಿನ ಮಡಚುವ ಮಂಚ ನೆಂಟರು ಬಂದಾಗ ಎರಡು ರಾತ್ರಿಗೆ ಸರಿ. ದಿನಾ ಮಲಗಿದರೆ ನವಾರು ಜೋತು ಬೀಳುತ್ತದೆ, ಬೆನ್ನು ಬಿಲ್ಲಾಗುತ್ತದೆ. ಗಾಳಿ ತುಂಬುವ ಹಾಸಿಗೆಯ ಬಗ್ಗೆ ಹೇಳುವುದೇ ಬೇಡ, ಬೆಳಗಿನ ಜಾವಕ್ಕೆ ಬೆನ್ನು ನೆಲಕ್ಕೆ ತಾಕುತ್ತದೆ. ಆನ್‌ಲೈನಿನಲ್ಲಿ ಸಿಗುವ ರೆಡಿಮೇಡ್ ಬಂಕ್ ಮಂಚಗಳನ್ನೂ ನೋಡಿದ್ದೆ. ಅಗ್ಗದವು ತೆಳು ಗೇಜಿನವು, ಅಂದರೆ ಪೈಪಿನ ತಗಡೇ ತೆಳು, ಪ್ರತಿ ಕೂಡಿಗೂ ಒಂದೇ ಬೋಲ್ಟು. ತಕರಾರು ಇರುವುದೇ ಅಲ್ಲಿ.

ಎರಡಂತಸ್ತಿನ ಮಂಚ ಅಲುಗಾಡುವುದು ಅಗಲದ ದಿಕ್ಕಿಗಿಂತ ಉದ್ದದ ದಿಕ್ಕಿಗೆ. ತಲೆ ಕಡೆ, ಕಾಲು ಕಡೆ ಇರುವ ಚೌಕಟ್ಟುಗಳು ಪೂರ್ತಿ ವೆಲ್ಡ್ ಆಗಿರುತ್ತವೆ, ಅವು ಬಾಗುವುದಿಲ್ಲ. ಆ ಎರಡನ್ನು ಜೋಡಿಸುವ ಉದ್ದದ ಪೈಪುಗಳು ಮಾತ್ರ ಬೋಲ್ಟಿನ ಮೇಲೆ ನಿಂತಿರುತ್ತವೆ. ಒಂದು ಬೋಲ್ಟು ಹಾಕಿದ ಕೂಡು ಎಷ್ಟು ಬಿಗಿದರೂ ಕೀಲೇ. ಒಂದರ ಕೆಳಗೊಂದು, ನಾಲ್ಕು ಇಂಚಾದರೂ ಅಂತರ ಬಿಟ್ಟು ಎರಡು ಹಾಕಿದರೆ ಮಾತ್ರ ಬಿಗಿ ಬರುತ್ತದೆ. ಒಂದೂವರೆ ಇಂಚಿನ ಪೈಪಿನಲ್ಲಿ ನಾಲ್ಕು ಇಂಚಿನ ಅಂತರ ಎಲ್ಲಿಂದ ಬರಬೇಕು? ಅದಕ್ಕೆ ಉದ್ದದ ಪೈಪಿನ ಎರಡೂ ತುದಿಗೆ 6 ಇಂಚು ಎತ್ತರ, ಒಂದೂವರೆ ಇಂಚು ಅಗಲ, 5 ಎಂಎಂ ದಪ್ಪದ ಪ್ಲೇಟ್ ವೆಲ್ಡ್ ಮಾಡಿಸಬೇಕು. ಪೈಪಿನ ಕೆಳಮೈಗೂ ಪ್ಲೇಟಿಗೂ ನಡುವೆ ಒಂದು ತ್ರಿಕೋನದ ತುಂಡು ಬೀಳಬೇಕು. ಆ ತ್ರಿಕೋನ ಬೇಡ ಅಂತ ವೆಲ್ಡರ್ ಹೇಳಿಯೇ ಹೇಳುತ್ತಾನೆ. ಬಿಡಬೇಡಿ.

ಬೋಲ್ಟು 10 ಎಂಎಂ, ತೂತು ಹತ್ತೂವರೆ. ಹನ್ನೆರಡರ ಡ್ರಿಲ್ ಬಿಟ್‌ನಲ್ಲಿ ಕೊರೆದರೆ ಮಂಚ ಹುಟ್ಟಿನಿಂದಲೇ ಸಡಿಲ. ಇನ್ನೊಂದು ವಿಷಯ: 16 ಗೇಜಿನ (ಸುಮಾರು 1.6 ಎಂಎಂ ದಪ್ಪದ) ಪೈಪಿನ ಮೂಲಕ ಬೋಲ್ಟು ದಾಟಿಸಿ ಬಿಗಿಯುತ್ತಾ ಹೋದರೆ ಪೈಪಿನ ಗೋಡೆಯೇ ಒಳಕ್ಕೆ ನಜ್ಜಾಗುತ್ತದೆ. ನಜ್ಜಾದಷ್ಟೂ ಬೋಲ್ಟು ಸಡಿಲ, ಮತ್ತೆ ಬಿಗಿದರೆ ಮತ್ತೂ ನಜ್ಜು. ಅದಕ್ಕೆ ಕಾಲಿನ ಪೈಪಿನೊಳಗೆ ಬೋಲ್ಟು ಹಾದುಹೋಗುವ ಜಾಗದಲ್ಲಿ ಸಣ್ಣ ಪೈಪಿನ ತುಂಡನ್ನು ಬುಶ್ ಥರ ಕೂರಿಸಿ ವೆಲ್ಡ್ ಮಾಡಿಸಿದೆ. ಒಂದು ತುಂಡಿಗೆ ಹತ್ತು ರೂಪಾಯಿ ಬಿದ್ದಿರಬಹುದು. ನಟ್ಟು ನೈಲಾನ್ ಉಂಗುರ ಇರುವಂಥದ್ದೇ ಬೇಕು, ಮಾಮೂಲಿ ನಟ್ಟು ಮಕ್ಕಳ ಹತ್ತಾಟ ಇಳಿದಾಟಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ. ಎಸ್.ಜೆ.ಪಿ. ರಸ್ತೆಯಲ್ಲಿ ಇವೆಲ್ಲ ಒಂದೇ ಅಂಗಡಿಯಲ್ಲಿ ಸಿಕ್ಕವು.

ಹಿಂಬದಿಗೆ, ಗೋಡೆ ಕಡೆ, ಒಂದು ಇಂಚಿನ ಫ್ಲಾಟ್ ಪಟ್ಟಿಯಲ್ಲಿ ಕತ್ತರಿ ಆಕಾರದ ಅಡ್ಡಪಟ್ಟಿ ಹಾಕಿದೆ. ಉಳಿದಿದ್ದ ಅಲುಗಾಟವೂ ಅಲ್ಲಿಗೆ ನಿಂತಿತು. ಮಂಚಕ್ಕೂ ಗೋಡೆಗೂ ಅರ್ಧ ಇಂಚು ಸಂದು. ಆ ಸಂದಿಗೆ ಹಳೇ ಹವಾಯಿ ಚಪ್ಪಲಿಯ ರಬ್ಬರು ಕತ್ತರಿಸಿ ಮೇಲೆರಡು, ಕೆಳಗೆರಡು ಮೆತ್ತೆ ಸಿಕ್ಕಿಸಿದೆ. ಗೋಡೆಗೆ ಒತ್ತಿರುತ್ತದೆ, ಆದರೆ ಗೀರು ಬೀಳುವುದಿಲ್ಲ. ಕಪ್ಪು ರಬ್ಬರು ಬಣ್ಣದ ಮೇಲೆ ಕಲೆ ಬಿಡುತ್ತದೆ, ಬಿಳಿ ಅಡಿಯ ಚಪ್ಪಲಿ ಹುಡುಕಿ. ಕಿರುಗುಟ್ಟದಿರಲು ಕೂಡಿನ ನಡುವೆ ಸೈಕಲ್ ಟ್ಯೂಬಿನ ವಾಷರ್ ಹಾಕುವುದು ಎಲ್ಲರಿಗೂ ಗೊತ್ತು. ನಾನು ಅದರ ಜೊತೆ ಇನ್ನೊಂದನ್ನೂ ಹಾಕುತ್ತೇನೆ. ಅದೇನು ಅಂತ ನಮ್ಮ ವೆಲ್ಡರಿಗೂ ಹೇಳಿಲ್ಲ, ಇಲ್ಲೂ ಬಿಟ್ಟುಬಿಡುತ್ತೇನೆ.

ಅಳತೆಗೆ ಬರೋಣ. ಈ ಮಂಚ ಹಾಲಿನ ಉದ್ದಗೋಡೆಗೆ, ಕೆಳಗೆ ಅಮ್ಮ, ಮೇಲೆ ಮಗಳು. ಹಗಲಲ್ಲಿ ಕೆಳಗಿನದೇ ದಿವಾನ್. ಹಾಸಿಗೆ ಎರಡಕ್ಕೂ 72ಕ್ಕೆ 30 ಇಂಚು, ರೆಡಿಮೇಡ್ ಸಿಗುವ ಅಳತೆ. ಚೌಕಟ್ಟಿನ ಒಳ ಅಗಲ 31, ಹೊದಿಕೆ ಸಿಕ್ಕಿಸಲು ಒಂದು ಇಂಚು ಬೇಕೇ ಬೇಕು. ಕೆಳಗಿನ ಹಾಸಿಗೆಯ ಮೇಲ್ಮೈ ನೆಲದಿಂದ 19 ಇಂಚು. ಮಂಡಿನೋವಿನವರಿಗೆ ಇದಕ್ಕಿಂತ ಕಡಿಮೆ ಬೇಡ, ಎದ್ದು ನಿಲ್ಲುವಾಗ ಕೈ ಹಿಡಿಯಲು ಕಾಲಿನ ಪೈಪು ಪಕ್ಕದಲ್ಲೇ ಇರುತ್ತದೆ. ಮೇಲಿನ ಚೌಕಟ್ಟಿನ ತಳ 56 ಇಂಚಿಗೆ. ಅಂದರೆ ಕೂತವರ ತಲೆಗೆ 37 ಇಂಚು ಜಾಗ. ದೊಡ್ಡವರಿಗೆ 36ಕ್ಕಿಂತ ಕಡಿಮೆ ಇದ್ದರೆ ಕುತ್ತಿಗೆ ಬಗ್ಗಿಸಿಯೇ ಕೂರಬೇಕು. ಮೇಲಿನ ಹಾಸಿಗೆಯ ಮೇಲ್ಮೈ 62, ತಡೆಪಟ್ಟಿ 69. ತಡೆಪಟ್ಟಿ ಹಾಸಿಗೆಯಿಂದ 5 ಇಂಚಾದರೂ ಮೇಲಿರಬೇಕು, ಪಟ್ಟಿಗಳ ನಡುವಿನ ಸಂದು ಮೂರೂವರೆ ಇಂಚು ಮೀರಬಾರದು. ನಾಲ್ಕು ಇಂಚಿನ ಹಾಸಿಗೆಗೆ ಮಾಡಿಸಿದ ಮಂಚಕ್ಕೆ ಆಮೇಲೆ ಆರು ಇಂಚಿನದು ತಂದು ಹಾಕಿದರೆ ತಡೆ ಎರಡು ಇಂಚು ತಗ್ಗಿಹೋಗುತ್ತದೆ. ಆರು ವರ್ಷ ತುಂಬದ ಮಕ್ಕಳನ್ನು ಮೇಲೆ ಮಲಗಿಸಲೇಬಾರದು.

ಕಾಲಿನ ಉದ್ದ 69 ಇಂಚು ಇಟ್ಟದ್ದು ಸುಮ್ಮನೆ ಅಲ್ಲ. 20 ಅಡಿಯ ಒಂದು ಪೈಪಿನಲ್ಲಿ ಮೂರು ಕಾಲು ಕತ್ತರಿಸಿದರೆ 33 ಇಂಚು ಉಳಿಯುತ್ತದೆ, ಅದರಲ್ಲಿ 31ರ ಒಂದು ಅಡ್ಡಪಟ್ಟಿ ಬರುತ್ತದೆ. ಪ್ಲೈವುಡ್‌ನಲ್ಲೂ ಇದೇ ಲೆಕ್ಕ. 8 ಅಡಿಗೆ 4 ಅಡಿಯ ಶೀಟಿನಲ್ಲಿ 72ಕ್ಕೆ 30 ಇಂಚಿನ ಇಡೀ ಹಲಗೆ ಕತ್ತರಿಸಿದರೆ ಒಂದು ಶೀಟಿಗೆ ಒಂದೇ. ಅದೇ ಮಂಚದ ಹಲಗೆಯನ್ನು 36ಕ್ಕೆ 30ರ ಎರಡು ತುಂಡಾಗಿ ಮಾಡಿದರೆ ಒಂದು ಶೀಟಿಗೆ ಮೂರು ತುಂಡು, ಎರಡು ಶೀಟಿಗೆ ಆರು, ಅಂದರೆ ಮೂರು ಮಂಚ: ಮೇಲಿನದು, ಕೆಳಗಿನದು, ಮುಂದೆ ಹೇಳುವ ಮಗನದು. ಒಂದು ಶೀಟಿನ ದುಡ್ಡು ಉಳಿಯಿತು, ಮೆಟ್ಟಿಲಲ್ಲಿ ಹೊರುವುದೂ ಸುಲಭ. ತುಂಡುಗಳು ಕೂಡುವ ಜಾಗದ ಕೆಳಗೆ ಒಂದು ಇಂಚಿನ ಅಡ್ಡಪೈಪು ಇರಲೇಬೇಕು ಅಷ್ಟೇ. 12 ಎಂಎಂ ಸಾಕು, ಅಡಿಗೊಂದು ಅಡ್ಡಪೈಪು. ಪಾರ್ಟಿಕಲ್ ಬೋರ್ಡು ಬೇಡ, ಮಳೆಗಾಲದ ಥಂಡಿಗೆ ಉಬ್ಬುತ್ತದೆ. ಪ್ಲೈಗೆ ಆರು ಇಂಚಿಗೊಂದರಂತೆ ಮುಕ್ಕಾಲು ಇಂಚಿನ ತೂತು ಕೊರೆಸಿ, ಇಲ್ಲದಿದ್ದರೆ ಫೋಮಿನ ತಳದಲ್ಲಿ ಆಗಸ್ಟ್ ಹೊತ್ತಿಗೆ ಬೂಷ್ಟು.

ಏಣಿಯನ್ನು ಕಾಲುಗಡೆಯ ಚೌಕಟ್ಟಿಗೇ ನೆಟ್ಟಗೆ ಸೇರಿಸಿದೆ, ನೆಲ ತಿನ್ನುವುದಿಲ್ಲ. ಮೆಟ್ಟಿಲ ಅಂತರ 10 ಇಂಚು. ಬರೀ ಪೈಪು ಅಂಗಾಲಿಗೆ ಒತ್ತುತ್ತದೆ, ಪ್ಲೈ ಕತ್ತರಿಸಿ ಉಳಿದ ತುಂಡುಗಳನ್ನು ಮೇಲೆ ಕೂರಿಸಿದರೆ ಸರಿ.

ಫ್ಯಾನಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಹತ್ತಡಿ ಅಗಲದ ಹಾಲಿನ ನಡುಮಧ್ಯದ ಫ್ಯಾನು, 48 ಇಂಚಿನದು, ರೆಕ್ಕೆಯ ತುದಿ ಗೋಡೆಯಿಂದ 36 ಇಂಚಿಗೆ ಬರುತ್ತದೆ. ಮಂಚದ ಹೊರ ಅಂಚು ಗೋಡೆಯಿಂದ ಮೂವತ್ತನಾಲ್ಕೂವರೆ. ಮೇಲೆ ಮಂಡಿಯೂರಿ ಕೂತ ಮಗು ಕೈ ಚಾಚಿದರೆ ರೆಕ್ಕೆಗೇ. 36 ಇಂಚಿನ ಫ್ಯಾನು ಹಾಕಿದರೂ ಸಿಗುವುದು ಇನ್ನು ಆರು ಇಂಚು, ಮಕ್ಕಳ ಕೈಗೆ ಅದು ದೂರವಲ್ಲ. ಸೀಲಿಂಗ್ ಫ್ಯಾನನ್ನೇ ಇಳಿಸಿ ಬಟ್ಟೆ ಸುತ್ತಿ ಸಜ್ಜೆಗೆ ಹಾಕಿದೆ, ಮನೆ ಬಿಡುವಾಗ ಮತ್ತೆ ತೂಗುಹಾಕಿದರಾಯಿತು. ಬದಲಿಗೆ 12 ಇಂಚಿನ ಎರಡು ವಾಲ್ ಫ್ಯಾನು, ಒಂದೊಂದು ಸಾವಿರದ ಎಂಟುನೂರರ ಆಸುಪಾಸು, ಮಂಚದ ಕಾಲುಗಡೆಯ ಪೈಪಿಗೇ ಕ್ಲಾಂಪ್ ಹಾಕಿ ಮೇಲೊಂದು ಕೆಳಗೊಂದು. ಗಾಳಿ ಉದ್ದಕ್ಕೆ ಬೀಸುತ್ತದೆ. ಸೀಲಿಂಗ್ ಫ್ಯಾನ್ ಇದ್ದಿದ್ದರೂ ಕೆಳಗಿನ ಮಂಚಕ್ಕೆ ಅದರ ಗಾಳಿ ಬರುತ್ತಿರಲಿಲ್ಲ.

ಇನ್ನು ರೂಮು. ಇದ್ದ 6 ಅಡಿಗೆ 4 ಅಡಿಯ ಮರದ ಮಂಚವನ್ನು ಮಾರಲಿಲ್ಲ, ಅದರಡಿಯಲ್ಲಿ ಮಗನಿಗೆ ಎಳೆದು ತೆಗೆಯುವ ಹಾಸಿಗೆ ಮಾಡಿಸಿದೆ. ಇಲ್ಲಿ ಎಲ್ಲರೂ ಎಡವುವುದು ಎತ್ತರ ಅಳೆಯುವಾಗ. ಮಂಚದ ಹಲಗೆಯ ತಳದಿಂದಲ್ಲ, ಪಕ್ಕದ ಪಟ್ಟಿಯ ಕೆಳ ಅಂಚಿನಿಂದ ನೆಲಕ್ಕೆ ಅಳೆಯಬೇಕು. ನಮ್ಮದು ಏಳು ಇಂಚಿಗೂ ಕಡಿಮೆ ಇತ್ತು, ಬೇಕಾದದ್ದು ಹತ್ತು. ನಾಲ್ಕು ಇಂಚಿನ ಮರದ ದಿಮ್ಮಿ ನಾಲ್ಕು ತಂದು, ಒಂದೊಂದರ ಮೇಲೂ ಅರ್ಧ ಇಂಚು ಆಳದ ಗುಳಿ ತೆಗೆಸಿ ಕಾಲುಗಳನ್ನು ಅದರಲ್ಲಿ ಇಳಿಸಿದೆ. ಗುಳಿ ಇಲ್ಲದ ದಿಮ್ಮಿಯಿಂದ ಕಾಲು ಜಾರುತ್ತದೆ.

ಎಳೆಯುವ ಚೌಕಟ್ಟಿಗೆ ಒಂದು ಇಂಚಿನ ಪೈಪು, ಎರಡು ಇಂಚಿನ ನೈಲಾನ್ ಚಕ್ರ ಆರು. ನಾಲ್ಕು ಹಾಕಿದರೆ ನಡು ತಗ್ಗುತ್ತದೆ. ಎಲ್ಲ ದಿಕ್ಕಿಗೂ ತಿರುಗುವ ಚಕ್ರ ಬೇಡವೇ ಬೇಡ, ಒಳಗೆ ತಳ್ಳುವಾಗ ಓರೆಯಾಗಿ ಮಂಚದ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಒಂದೇ ದಿಕ್ಕಿನದು, ಹೊರಗೆಳೆಯುವ ಕಡೆಗೆ ಮುಖ ಮಾಡಿ. ಚಕ್ರವನ್ನು ಚೌಕಟ್ಟಿನ ಅಡಿಗೆ ಕೂರಿಸಿದರೆ ಎರಡೂ ಮುಕ್ಕಾಲು ಇಂಚು ಎತ್ತರ ಹೋಗುತ್ತದೆ. ಪಕ್ಕಕ್ಕೆ ಪ್ಲೇಟ್ ಹಾಕಿ ಕೂರಿಸಿದರೆ ಚೌಕಟ್ಟು ನೆಲದಿಂದ ಒಂದು ಇಂಚಿನ ಮೇಲೆಯೇ ಓಡುತ್ತದೆ, ಉಳಿದದ್ದೆಲ್ಲ ಹಾಸಿಗೆಗೆ. ರೆಡಾಕ್ಸೈಡ್ ನೆಲದ ಮನೆಯಾದರೆ ನೈಲಾನ್ ಚಕ್ರ ಗೀರು ಹಾಕುತ್ತದೆ, ಬೂದು ಬಣ್ಣದ ರಬ್ಬರಿನದು ತನ್ನಿ. ರಾತ್ರಿ ಹೊರಗೆಳೆದ ಮೇಲೂ ರೂಮಿನಲ್ಲಿ ಎರಡೂವರೆ ಅಡಿ ದಾರಿ ಉಳಿಯುತ್ತದೆ, ಬೀರುವಿನ ಬಾಗಿಲು ಮಾತ್ರ ತೆರೆಯಲಾಗದು. ಮರುದಿನದ ಸಮವಸ್ತ್ರ ಮಲಗುವ ಮುಂಚೆಯೇ ಆಚೆ ಇರಬೇಕು.

ಹಾಸಿಗೆಗಳಲ್ಲಿ ಸ್ವಲ್ಪ ಪ್ರಯೋಗ ನಡೆಸಿದೆ. ಮೇಲಿನ ಮಂಚಕ್ಕೆ ಮೊದಲು ಹತ್ತಿ ಹಾಸಿಗೆ, ಪಿಂಜಾರರ ಹತ್ತಿರ ಹೊಲಿಸಿದ್ದು. ಬೆನ್ನಿಗೆ ಅದರಷ್ಟು ಹಿತ ಬೇರೆ ಇಲ್ಲ, ಆದರೆ ಹತ್ತು ಕಿಲೋ ಮೇಲೆ ತೂಕ. ಬಿಸಿಲಿಗೆ ಹಾಕಲು ಐದಡಿ ಮೇಲಿಂದ ಇಳಿಸಿ ತಾರಸಿಗೆ ಒಯ್ಯುವುದು ಯಾರು? ಈಗ ಅದು ಕೆಳಗೆ ಅಮ್ಮನಿಗೆ, ಮೇಲೆ 32 ಡೆನ್ಸಿಟಿಯ (ಘನ ಮೀಟರಿಗೆ 32 ಕಿಲೋ ತೂಗುವ) ನಾಲ್ಕು ಇಂಚಿನ ಫೋಮು, ಐದು ಕಿಲೋಗಿಂತ ಕಡಿಮೆ. ಮಗನಿಗೆ ನಾರಿನದು. ಮೇಲ್ಮಹಡಿಯ ಮನೆಯಾದ್ದರಿಂದ ಏಪ್ರಿಲ್‌ನಲ್ಲಿ ಮೇಲಿನ ಮಂಚ ಬಿಸಿಯೇರುತ್ತಿತ್ತು. ಸೀಲಿಂಗಿಗೆ ಥರ್ಮೋಕೋಲ್ ಅಂಟಿಸಿದ್ದು ದಂಡ, ಟೇಪಿನ ಜೊತೆ ಬಣ್ಣವೂ ಕಿತ್ತುಬರುತ್ತದೆ, ಬೆಂಕಿಯ ಭಯ ಬೇರೆ. ಮಾಲೀಕರನ್ನು ಕೇಳಿ ತಾರಸಿಯ ಅಷ್ಟು ಭಾಗಕ್ಕೆ ಸುಣ್ಣಕ್ಕೆ ಅಂಟು ಕಲಸಿ ಎರಡು ಕೋಟ್ ಬಳಿದೆ. ಹಾಲಿನಲ್ಲಿ ತೂಗುಹಾಕಿದ ಥರ್ಮಾಮೀಟರಿನಲ್ಲಿ ಎರಡು ಮೂರು ಡಿಗ್ರಿ ಇಳಿದದ್ದು ನೆನಪು. ಮಳೆ ಬಿದ್ದರೆ ತೊಳೆದುಹೋಗುತ್ತದೆ, ವರ್ಷವರ್ಷ ಬಳಿಯಬೇಕು.

ತಿಗಣೆ. ಪೈಪಿನ ತೆರೆದ ತುದಿಗಳೇ ಅದಕ್ಕೆ ಮನೆ. ಪ್ಲಾಸ್ಟಿಕ್ ಕ್ಯಾಪ್ ಎರಡು ಮೂರು ರೂಪಾಯಿಗೆ ಸಿಗುತ್ತದೆ, ಒಂದನ್ನೂ ಬಿಡದೆ ಹಾಕಿ. ಸುಮ್ಮನೆ ಕೊರೆದು ಬಿಟ್ಟ ತೂತುಗಳಿಗೆ ಎಂ-ಸೀಲ್ ತುಂಬಿ, ಆಮೇಲೆ ಬಣ್ಣ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಹಾಲಿನ ಮಂಚಕ್ಕೆ ಪೈಪು ಒಟ್ಟು 70 ಕಿಲೋ ಸುಮಾರು, ಕೂಲಿ ಸೇರಿ ಕಿಲೋಗೆ 130ರಂತೆ ಒಂಬತ್ತು ಸಾವಿರ ಚಿಲ್ಲರೆ. ಪ್ಲೈ ಎರಡು ಶೀಟು ನಾಲ್ಕು ಸಾವಿರದೊಳಗೆ. ಎಳೆಯುವ ಹಾಸಿಗೆಯ ಚೌಕಟ್ಟು, ಚಕ್ರ ಎರಡೂವರೆ ಸಾವಿರ. ಬೋಲ್ಟು, ಪ್ರೈಮರ್, ಬಣ್ಣ, ಆಟೋ ಬಾಡಿಗೆ ಎಲ್ಲ ಸೇರಿ ಎರಡು ಸಾವಿರ. ಫ್ಯಾನು, ಹಾಸಿಗೆ ಬಿಟ್ಟು ಹದಿನೆಂಟು ಸಾವಿರ ದಾಟಿಲ್ಲ. ವೆಲ್ಡಿಂಗ್ ಶಾಪಿನಲ್ಲಿ ಕಿಲೋ ಲೆಕ್ಕದಲ್ಲೇ ಮಾತಾಡಿ, ಗುತ್ತಿಗೆ ಕೊಟ್ಟರೆ ಇನ್ನೂ ತೆಳುವಾದ 18 ಗೇಜು ಹಾಕಿ ಮುಗಿಸುತ್ತಾರೆ. ತೂಕ ಹಾಕುವಾಗ ಎದುರಿಗೆ ನಿಲ್ಲಿ, ಬಣ್ಣಕ್ಕೆ ಮುಂಚೆ. ಆಗುವುದಿಲ್ಲ ಅಂದಿದ್ದ ಅದೇ ಶಾಪಿನವರು ಈಗ ಈ ಅಳತೆಯ ಮಂಚ ಬೇರೆಯವರಿಗೂ ಮಾಡಿಕೊಡುತ್ತಿದ್ದಾರೆ ಅಂತ ಕೇಳಿದೆ.

ಮೊದಲ ಸಲ ಕೂಡಿಸುವಾಗಲೇ ಪ್ರತಿ ಕೂಡಿನ ಎರಡೂ ಬದಿಗೆ, ನಂಬರು ಒತ್ತುವ ಪಂಚಿನಲ್ಲಿ, ಒಂದೇ ನಂಬರು ಹೊಡೆದುಬಿಡಿ. ಕೈಯಲ್ಲಿ ಕೊರೆದ ತೂತುಗಳು ಒಂದಕ್ಕೊಂದು ಅದಲುಬದಲು ಆಗುವುದಿಲ್ಲ, ನಂಬರಿಲ್ಲದಿದ್ದರೆ ಹೊಸ ಮನೆಯಲ್ಲಿ ಅರ್ಧ ದಿನ ಅದರಲ್ಲೇ ಹೋಗುತ್ತದೆ. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲಷ್ಟೇ ತಿರುಗಿಸಿ, ಮಟ್ಟ ಇಟ್ಟು ನೋಡಿ, ನೆಲ ಓರೆಯಿದ್ದ ಕಾಲಿನಡಿ ಪ್ಲೈ ಚೂರು ಕೊಟ್ಟು, ಆಮೇಲೆ 17ರ ಸ್ಪ್ಯಾನರಿನಲ್ಲಿ ಮೂಲೆಯಿಂದ ಎದುರು ಮೂಲೆಗೆ ಬಿಗಿಯಬೇಕು. ಒಂದು ವಾರ ಮಲಗಿದ ಮೇಲೆ ಇನ್ನೊಮ್ಮೆ. ನೈಲಾನ್ ನಟ್ಟು ಬಿಚ್ಚಿದ ಮೇಲೆ ಅದನ್ನೇ ಮತ್ತೆ ಹಾಕಬೇಡಿ, ಹಿಡಿತ ಹೋಗಿರುತ್ತದೆ.