ಅಗಸಿ ಗೋಡೆಯ ಚಿತ್ರ ಉದುರಿದಾಗ

ಬೀದರ್ ಜಿಲ್ಲೆಯ ನಮ್ಮೂರಿನ ಅಗಸಿ, ಅಂದರೆ ಊರಬಾಗಿಲ ಪಕ್ಕದ ಗೋಡೆ ಮೇಲೆ ಊರವರೆಲ್ಲ ಸೇರಿ ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಹಬ್ಬದ ಚಿತ್ರ ಬರೆದಿದ್ದೆವು: ಎತ್ತಿನ ಬಂಡಿ, ಬುತ್ತಿ ಹೊತ್ತ ಹೆಣ್ಣುಮಕ್ಕಳು, ಹೊಲದಲ್ಲಿ ಚರಗ (ಭೂಮಿಗೆ ಅರ್ಪಿಸುವ ಅಡುಗೆ) ಚೆಲ್ಲುವವರು. ಅಂಚಿಗೆ ಮನೆಮನೆಯಿಂದ ತಂದ ಬಳೆ ಚೂರು. ಒಂದೇ ಮಳೆಗಾಲಕ್ಕೆ ಆಯಿಲ್ ಪೇಂಟು ಹಪ್ಪಳದ ಹಾಗೆ ಎದ್ದಿತು.

ಮೊದಲು ಪೇಂಟಿನ ಅಂಗಡಿಯವನನ್ನು ಬೈದೆ. ತಪ್ಪು ನಮ್ಮದೇ. ಗೋಡೆ ಈ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲಿನದು, ಮೈತುಂಬ ತೂತು. ನೆಲದ ತೇವ ಮೇಲೇರುತ್ತದೆ, ಪೇಂಟಿನ ಪೊರೆ ಅದನ್ನು ಹೊರಗೆ ಬಿಡುವುದಿಲ್ಲ. "ಗ್ವಾಡಿಗಿ ಉಸುರು ಕಟ್ಟೇದ ತಮ್ಮಾ" ಅಂದವಳು ಪಕ್ಕದ ಮನೆಯ ಆಯಿ.

ತಂತಿ ಬ್ರಷ್‌ನಿಂದ ಎಲ್ಲ ಕೆರೆದೆವು. ಸಿಮೆಂಟ್ ಮುಟ್ಟಲಿಲ್ಲ. ನೆನೆಸಿಟ್ಟ ಸುಣ್ಣ 1 ಪಾಲು, ಜರಡಿ ಹಿಡಿದ ಉಸುಕು 3 ಪಾಲು ಕಲಸಿ ಗಿಲಾವು ಮಾಡಿದೆವು. ಅದು ಹಸಿ ಇರುವಾಗಲೇ ಬಳೆ ಚೂರು ಒತ್ತಿ, ಸುಣ್ಣದ ನೀರಲ್ಲಿ ಜಾಜು (ಕೆಮ್ಮಣ್ಣು) ಕದಡಿ ಬಳಿದೆವು. ಸುಣ್ಣ ಗಾಳಿ ಕುಡಿದು ಗಟ್ಟಿಯಾಗುವಾಗ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಬಿಸಿಲಿಗೆ ಬಿರುಕು ಬಿಡದಿರಲೆಂದು ವಾರಗಟ್ಟಲೆ ಎದುರಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟಿದ್ದೆವು.

ಎರಡು ಮಳೆಗಾಲ ಕಳೆದವು. ಕೆಳಗಿನ ಒಂದು ಗೇಣು ಮಾತ್ರ ಮಸುಕಾಗಿದೆ. ಅಲ್ಲಿ ಆಡುಗಳು ಮೈ ಉಜ್ಜುತ್ತವೆ. ಅದಕ್ಕಿನ್ನೂ ಮದ್ದು ಸಿಕ್ಕಿಲ್ಲ.