ಕೆನಡಾ ಪಿಆರ್: ಊರಲ್ಲಿರುವ ಗಂಡ, ಮಕ್ಕಳ ಹೆಸರು ಬಿಡಬೇಡಿ

ಕೆನಡಾದಲ್ಲಿ ಮನೆ ಆರೈಕೆಯ (ಕೇರ್‌ಗಿವರ್) ಕೆಲಸ ಹಿಡಿದು ಪಿಆರ್‌ಗೆ ಅರ್ಜಿ ಹಾಕುವವರಿಗೆ ಈ ಮಾತು. ಪಿಆರ್ (ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಹೇಗೆ ಸಿಗುತ್ತದೆ, ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ) ಯಾಕೆ ಬೇಕು ಎಂಬುದನ್ನು ದಾವಣಗೆರೆಯಲ್ಲಿ ನರ್ಸಿಂಗ್ ಓದುವ ಯಾವ ಹುಡುಗಿಯನ್ನು ಕೇಳಿದರೂ ಹೇಳುತ್ತಾಳೆ. ಅದರ ವಿವರವನ್ನು ಇಲ್ಲಿ ಬಿಟ್ಟಿದೆ.

“ಮಾಲೀಕರ ಮನೆಯಲ್ಲೇ ಇದ್ದು 24 ತಿಂಗಳು ದುಡಿದರೆ ಪಿಆರ್ ಗ್ಯಾರಂಟಿ” ಎನ್ನುವ ಏಜೆಂಟರು ಇನ್ನೂ ಇದ್ದಾರೆ. ಆ ಲಿವ್-ಇನ್ ಕೇರ್‌ಗಿವರ್ ಯೋಜನೆ 2014ರ ನವೆಂಬರ್ 30ಕ್ಕೇ ಹೊಸಬರಿಗೆ ಮುಚ್ಚಿತು. ಆಮೇಲೆ 2019ರಲ್ಲಿ ಬಂದ ಎರಡು ಪೈಲಟ್‌ಗಳು (ಪ್ರಾಯೋಗಿಕ ಯೋಜನೆಗಳು) 2024ರ ಜೂನ್‌ನಲ್ಲಿ ಮುಗಿದವು. 2025ರ ಮಾರ್ಚ್ 31ರಂದು ಶುರುವಾದ ಹೋಮ್ ಕೇರ್ ವರ್ಕರ್ ಪೈಲಟ್‌ನಲ್ಲಿ ಕೆನಡಾದೊಳಗೆ ಇದ್ದವರ ಕೋಟಾ ಅದೇ ದಿನ ಭರ್ತಿಯಾಯಿತು. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೋ ಇಲ್ಲವೋ ಎಂಬುದನ್ನು ಕೆನಡಾದ ವಲಸೆ ಇಲಾಖೆ ಐಆರ್‌ಸಿಸಿಯ ಸ್ವಂತ ಜಾಲತಾಣದಲ್ಲಿ ನೋಡಿದ ಮೇಲೇ ದುಡ್ಡು ಬಿಚ್ಚಿ. ಹಳೆಯ ಪದ್ಧತಿಯಲ್ಲಿ ಮಾಲೀಕರ ಮನೆಯಲ್ಲೇ ಮಲಗಬೇಕಾದ ಕಟ್ಟು ಕೆಟ್ಟದ್ದೇ. ಆದರೆ ಹೇಳಿದಷ್ಟು ತಾಸು ದುಡಿದವರಿಗೆ ಅರ್ಜಿ ಹಾಕುವ ಹಕ್ಕಾದರೂ ಇತ್ತು. ಮೊದಲು ಬಟನ್ ಒತ್ತಿದವರಿಗೆ ಜಾಗ ಎನ್ನುವ ಹೊಸ ಪದ್ಧತಿಗಿಂತ ಅದು ವಾಸಿ.

ನರ್ಸಿಂಗ್ ನೋಂದಣಿಗೆಂದು ಬರೆದ ಐಇಎಲ್‌ಟಿಎಸ್ ಅಕಾಡೆಮಿಕ್ ಪಿಆರ್ ಅರ್ಜಿಗೆ ನಡೆಯದು, ಜನರಲ್ ಟ್ರೇನಿಂಗೇ ಬೇಕು. ಅಂಕಪಟ್ಟಿಗೆ ಎರಡೇ ವರ್ಷ ಆಯುಸ್ಸು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಇದ್ದರೆ ಎರಡೂ ಹೆಸರು ಒಬ್ಬರದೇ ಎನ್ನುವ ಅಫಿಡವಿಟ್ ಮೊದಲೇ ಮಾಡಿಸಿಡಿ. ಎಲ್‌ಎಂಐಎ (ಹೊರದೇಶದವರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಮಾಲೀಕರು ಪಡೆಯುವ ಒಪ್ಪಿಗೆ) ಶುಲ್ಕ 1,000 ಡಾಲರ್ ಮಾಲೀಕರದ್ದು. ಅದನ್ನು ನಿಮ್ಮ ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ.

ಇನ್ನು ಎಲ್ಲಕ್ಕಿಂತ ದುಬಾರಿ ಬೀಳುವ ತಪ್ಪು. ಪಿಆರ್ ಅರ್ಜಿಯಲ್ಲಿ ಗಂಡ ಅಥವಾ ಹೆಂಡತಿ, ಮಕ್ಕಳು ಎಲ್ಲರ ಹೆಸರೂ ಬರಬೇಕು. ಅವರು ಈಗ ಕೆನಡಾಕ್ಕೆ ಬರಲಿ, ಬಿಡಲಿ. ಬರದವರಿಗೂ ವೈದ್ಯಕೀಯ ತಪಾಸಣೆ ಆಗಲೇಬೇಕು. ಹೆಸರು ಬಿಟ್ಟು ಪಿಆರ್ ಪಡೆದರೆ, ಆ ಗಂಡನನ್ನೋ ಮಗುವನ್ನೋ ಮುಂದೆ ಕುಟುಂಬ ವರ್ಗದಲ್ಲಿ ಕರೆಸಿಕೊಳ್ಳುವ ದಾರಿಯನ್ನು ವಲಸೆ ನಿಯಮಾವಳಿಯ 117(9)(ಡಿ) ಮುಚ್ಚುತ್ತದೆ. ಪೌರತ್ವ ಸಿಕ್ಕಿದರೂ ಅದು ತೆರೆಯುವುದಿಲ್ಲ. ಆಮೇಲೆ ಉಳಿಯುವುದು ಮಾನವೀಯ ನೆಲೆಯ ಮನವಿ. ವಕೀಲರ ಖರ್ಚು, ವರ್ಷಗಟ್ಟಲೆ ಕಾಯುವಿಕೆ, ಕೊನೆಗೆ ಅಧಿಕಾರಿಯ ಮರ್ಜಿ. ಬೇಕೆಂದೇ ಮುಚ್ಚಿಟ್ಟಿದ್ದು ಎಂದಾದರೆ ಸುಳ್ಳು ಮಾಹಿತಿಯ ಆರೋಪ, 5 ವರ್ಷದ ನಿಷೇಧ ಬೇರೆ.

ನಮ್ಮ ಕಡೆಯವರು ಇದರಲ್ಲಿ ಬೀಳುವುದು ಸಾಮಾನ್ಯವಾಗಿ ಮೂರು ಕಡೆ. ಅರ್ಜಿ ಹಾಕುವಾಗ ಮದುವೆಯಾಗಿರುವುದಿಲ್ಲ. ಫೈಲು ಕುಳಿತಿರುವಾಗ ರಜೆಗೆ ಹಿರಿಯೂರಿಗೋ ಹರಿಹರಕ್ಕೋ ಬಂದು ತಾಳಿ ಕಟ್ಟಿಸಿಕೊಂಡು ಹೋಗುತ್ತಾರೆ. ಅರ್ಜಿಯಲ್ಲಿ ಮಾತ್ರ ಇನ್ನೂ ಅವಿವಾಹಿತೆ. ಪಿಆರ್ ಪೋರ್ಟಲ್‌ನಲ್ಲಿ ಕೊನೆಯ ದೃಢೀಕರಣ ಆಗುವವರೆಗೆ ನಡೆದ ಮದುವೆ, ಹುಟ್ಟಿದ ಮಗು ಎಲ್ಲವನ್ನೂ ತಿಳಿಸಬೇಕು. ಎರಡನೆಯದು, “ದೇವಸ್ಥಾನದ ಮದುವೆ, ರಿಜಿಸ್ಟರ್ ಆಗಿಲ್ಲವಲ್ಲ” ಎನ್ನುವ ಸಮಾಧಾನ. ಶಾಸ್ತ್ರೋಕ್ತವಾಗಿ ನಡೆದ ಹಿಂದೂ ಮದುವೆ ನೋಂದಣಿ ಇಲ್ಲದೆಯೂ ಮದುವೆಯೇ. ಮೂರನೆಯದು, ಮಕ್ಕಳಿಲ್ಲದ ಅಕ್ಕನಿಗೆ ಸಾಕಲು ಕೊಟ್ಟ ಮಗು. ಕಾನೂನುಬದ್ಧ ದತ್ತು ಆಗದಿದ್ದರೆ, ಜನನ ಪ್ರಮಾಣಪತ್ರದಲ್ಲಿ ತಾಯಿ ನೀವೇ. ಮೊದಲ ಗಂಡನ ಬಳಿ ಇರುವ ಮಗುವಿಗೂ ಇದೇ ನಿಯಮ. 22 ತುಂಬದ, ಮದುವೆಯಾಗದ ಮಕ್ಕಳೆಲ್ಲ ಅವಲಂಬಿತರ ಲೆಕ್ಕಕ್ಕೆ ಬರುತ್ತಾರೆ. “ಹೆಸರು ಹಾಕಿದರೆ ಫೈಲು ಲೇಟಾಗುತ್ತೆ, ಆಮೇಲೆ ಸ್ಪಾನ್ಸರ್ ಮಾಡಿ” ಎಂದು ಹೇಳುವ ಕನ್ಸಲ್ಟೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಈಗಾಗಲೇ ಬಿಟ್ಟಿದ್ದರೆ, ಪಿಆರ್ ಆಗುವ ಮುಂಚೆಯೇ ಐಆರ್‌ಸಿಸಿ ವೆಬ್‌ಫಾರ್ಮ್‌ನಲ್ಲಿ ಅರ್ಜಿ ಸಂಖ್ಯೆ ಹಾಕಿ ಬರೆಯಿರಿ. ತಿದ್ದಿದ ಕುಟುಂಬದ ಫಾರ್ಮು, ಮದುವೆ ಅಥವಾ ಜನನ ಪ್ರಮಾಣಪತ್ರ, ಯಾಕೆ ಬಿಟ್ಟುಹೋಯಿತು ಎನ್ನುವ ಸರಳ ಪತ್ರ, ಮೂರನ್ನೂ ಲಗತ್ತಿಸಿ. ಕಳಿಸಿದ್ದಕ್ಕೆ ಬಂದ ಉತ್ತರವನ್ನು ಉಳಿಸಿಕೊಳ್ಳಿ. ಮದುವೆ ನೋಂದಣಿ ಆಗಿಲ್ಲದಿದ್ದರೆ ಊರಲ್ಲಿರುವವರು ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸವನ್ನು ಆಗಲೇ ಶುರುಮಾಡಲಿ. ತಪಾಸಣೆಯನ್ನು ಚಿತ್ರದುರ್ಗದ ನಿಮ್ಮ ಪರಿಚಯದ ಡಾಕ್ಟರ ಹತ್ತಿರ ಮಾಡಿಸಿದರೆ ಪ್ರಯೋಜನವಿಲ್ಲ. ಐಆರ್‌ಸಿಸಿ ಪಟ್ಟಿಯಲ್ಲಿರುವ ಪ್ಯಾನೆಲ್ ವೈದ್ಯರೇ ಆಗಬೇಕು, ನಮ್ಮವರಿಗೆ ಅದೆಂದರೆ ಬೆಂಗಳೂರು. ಸೂಚನಾ ಪತ್ರ ಬಂದ ಮೇಲೆ ಹೋಗಿ: ಫಲಿತಾಂಶಕ್ಕೆ ಇರುವುದು 12 ತಿಂಗಳ ಅವಧಿ, ಅವಸರದಲ್ಲಿ ಮಾಡಿಸಿದರೆ ಎರಡನೇ ಸಲ ದುಡ್ಡು ಕಟ್ಟಬೇಕಾಗುತ್ತದೆ.