ಯುಗಾದಿ ಅಮಾವಾಸ್ಯೆಯ ಹೊಳೆಪೂಜೆ ಮಾಡುವ ಬಗೆ

ಕೃಷ್ಣಾ, ಮಲಪ್ರಭಾ, ತುಂಗಭದ್ರಾ ದಂಡೆಯ ಎಷ್ಟೋ ಊರುಗಳಲ್ಲಿ ಯುಗಾದಿ ಶುರುವಾಗುವುದೇ ಹಿಂದಿನ ಅಮಾವಾಸ್ಯೆಯ ಹೊಳೆಸ್ನಾನದಿಂದ. ಊರದೇವರು ಪಲ್ಲಕ್ಕಿಯಲ್ಲಿ, ಮನೆಯ ಜಗುಲಿಯ ದೇವರು ಬುಟ್ಟಿಯಲ್ಲಿ ಹೊಳೆಗೆ ಬರುತ್ತಾರೆ. ಪಲ್ಲಕ್ಕಿ ಬಂದರೆ ದಂಡೆಯಲ್ಲಿ ಕಾಲಿಡಲು ಜಾಗವಿರದು. ಮನೆಪೂಜೆಗೆ ಹೊತ್ತು ಹುಟ್ಟುವಷ್ಟರಲ್ಲೇ ಹೋಗಿ.

ಬೇಸಿಗೆಯಲ್ಲಿ ನೀರು ಇಳಿದಿರುತ್ತದೆ, ಮೋಸ ಹೋಗುವುದು ಅಲ್ಲೇ. ಮರಳು ತೆಗೆದ ಗುಂಡಿ ಮೊಣಕಾಲುದ್ದ ನೀರಿನ ಮಗ್ಗುಲಲ್ಲೇ ಇರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಕೋಲಿನಿಂದ ತಳ ಮುಟ್ಟಿ ನೋಡಿಯೇ ಇಳಿಯಿರಿ. ಪಾಚಿ ಹಿಡಿದ ಬಂಡೆ ಬಿಟ್ಟು ಮರಳಿನ ಕಡೆ ನಿಲ್ಲಿ. ಆಲಮಟ್ಟಿ, ನಾರಾಯಣಪುರ ಅಣೆಕಟ್ಟುಗಳ ಕೆಳಗಿನವರು ನೀರು ಬಿಡುತ್ತಾರೋ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮಕ್ಕಳ ರಟ್ಟೆ ದೊಡ್ಡವರ ಕೈಯಲ್ಲಿರಲಿ. ಮೂರು ಮುಳುಗು ಸಾಕು. ಸಾಬೂನು, ಶಾಂಪೂ ಮನೆಯಲ್ಲೇ ಇರಲಿ.

ದೇವರನ್ನು ಬೆಳಗುವುದೇ ನಿಧಾನದ ಕೆಲಸ. ಹಿತ್ತಾಳೆ, ತಾಮ್ರಕ್ಕೆ ನಿಂಬೆ ಗಾತ್ರದ ಹುಣಸೆಹಣ್ಣನ್ನು ನೆನೆಸಿ, ಚಿಟಿಕೆ ಉಪ್ಪು ಸೇರಿಸಿ ಉಜ್ಜಿ. ಮೂರ್ತಿಯ ಕಿವಿ, ಕೊರಳಿನ ಸಂದಿನಲ್ಲಿ ಕೂತ ಹಳೆಯ ಕುಂಕುಮ ಬೆರಳಿಗೆ ಸಿಗದು. ತೆಂಗಿನ ನಾರಿನ ಎಳೆ ಮಡಚಿ ತಿಕ್ಕಿದರೆ ಬರುತ್ತದೆ. ಹುಳಿ ಉಳಿದರೆ ಎರಡೇ ದಿನಕ್ಕೆ ಹಸಿರು ಕಿಲುಬು ಏಳುತ್ತದೆ. ಆದ್ದರಿಂದ ಎರಡು ಮೂರು ಸಲ ತೊಳೆದು, ಒಣಬಟ್ಟೆಯಿಂದ ತಕ್ಷಣ ಒರೆಸಿ. ಬೆಳ್ಳಿಗೆ ಹುಣಸೆಹಣ್ಣು ಬೇಡ, ವಿಭೂತಿ ಪುಡಿ ಸಾಕು. ಈ ತೊಳೆಯುವಿಕೆಯೆಲ್ಲ ಬಕೆಟ್ಟಿನಲ್ಲಿ ನಡೆಯಲಿ. ಆ ನೀರನ್ನು ದಂಡೆಯಿಂದ ದೂರ ಚೆಲ್ಲಿ. ಪೂಜಿಸುವ ಗಂಗೆಗೇ ಕೊಳೆ ಸೇರಿಸುವುದು ಸರಿಯಲ್ಲ.

ಗಂಗೆಪೂಜೆಗೆ ಹೊಳೆಯಲ್ಲೇ ಐದು ನುಣುಪಾದ ಹರಳು ಆರಿಸಿ, ತೊಳೆದು, ಒದ್ದೆ ಮರಳಿನ ಮೇಲೆ ಸಾಲಾಗಿಡಿ. ವಿಭೂತಿ, ಅರಿಸಿನ, ಕುಂಕುಮ, ಹೂವು ಏರಿಸಿ, ಎರಡು ಎಲೆ, ಒಂದು ಅಡಿಕೆ ಇಟ್ಟು, ಊದಿನಕಡ್ಡಿ ಬೆಳಗಿ ಕಾಯಿ ಒಡೆಯಿರಿ. ನೀರಿನ ತೀರ ಹತ್ತಿರ ಇಟ್ಟರೆ ಮಂದಿ ಓಡಾಡುವ ಅಲೆಗೇ ಹರಳು ಕೊಚ್ಚಿಹೋಗುತ್ತವೆ. ನಾಲ್ಕು ಹೆಜ್ಜೆ ಮೇಲಿರಲಿ. ಕರ್ಪೂರದ ಪ್ಲಾಸ್ಟಿಕ್, ಹಳೆಯ ಬಟ್ಟೆ, ಒಡೆದ ದೇವರ ಫೋಟೋ ಯಾವುದನ್ನೂ ನೀರಿಗೆ ಬಿಡಬೇಡಿ. ನೆನೆದ ಬಟ್ಟೆ ಮುಂದೆ ಮುಳುಗುವವರ ಕಾಲಿಗೆ ಸುತ್ತಿಕೊಳ್ಳುತ್ತದೆ, ಇದು ನಿಜವಾದ ಅಪಾಯ.

ಕೊಡ ತುಂಬುವಾಗ ಜನ ಮೀಯುವ ಜಾಗಕ್ಕಿಂತ ಮೇಲ್ಗಡೆ ಹೋಗಿ, ಬಾಯನ್ನು ಹರಿವಿಗೆ ಎದುರಾಗಿ ಹಿಡಿಯಿರಿ. ಮುಕ್ಕಾಲು ತುಂಬಿದರೆ ಸಾಕು. ಕಂಠಮಟ್ಟ ತುಂಬಿದರೆ ದಾರಿಯುದ್ದಕ್ಕೂ ತುಳುಕುತ್ತದೆ. ಐದು ಮಾವಿನೆಲೆ ಇಟ್ಟು, ನೆಲಕ್ಕಿಳಿಸದೆ ಮನೆಗೆ ತಂದು, ಹೊಸ್ತಿಲಿಗೂ ಜಗುಲಿಗೂ ಚಿಮುಕಿಸಿ. ಉಳಿದದ್ದನ್ನು ಗಿಡಕ್ಕೆ ಹಾಕಿ.

ಮರುದಿನ ಯುಗಾದಿಗೆ ಕುಡಿಯುವ ಬೇವಿನ ಪಾನಕಕ್ಕೆ ಹೊಳೆನೀರು ಬೇಡ, ಕುಡಿಯುವ ನೀರೇ ಆಗಬೇಕು. ಒಂದು ಲೀಟರಿಗೆ 200 ಗ್ರಾಂ ಬೆಲ್ಲ ಕರಗಿಸಿ ಸೋಸಿ, ಸ್ವಲ್ಪ ಹುಣಸೆರಸ, ತುರಿದ ಮಾವಿನಕಾಯಿ, ಪುಟಾಣಿ (ಹುರಿಗಡಲೆ) ಹಿಟ್ಟು ಬೆರೆಸಿ. ಎರಡು ಚಮಚ ಬೇವಿನ ಹೂವನ್ನು ಎಡೆ ಹಿಡಿಯುವ ಹೊತ್ತಿಗಷ್ಟೇ ಉದುರಿಸಿ. ಮೊದಲೇ ಹಾಕಿಟ್ಟರೆ ಕಹಿ ನೀರಿಗಿಳಿದು, ಮಕ್ಕಳು ಲೋಟ ಮುಟ್ಟುವುದಿಲ್ಲ.